ಕಣ್ಣೊಳಗಿನ ಸೇಬು

ಶಾಲೆಯಲ್ಲಿ ಇಂಗ್ಲಿಷ್ ನುಡಿಗಟ್ಟುಗಳನ್ನು ಉರುಹೊಡೆದವರಿಗೆ ‘ಆಪಲ್ ಆಫ್ ದಿ ಐ’ ನೆನಪಿದ್ದೀತು. ಅಚ್ಚುಮೆಚ್ಚಿನವರು ಎಂದರ್ಥ. ಕಣ್ಣಿಗೂ ಸೇಬಿಗೂ ಎಲ್ಲಿಯ ನಂಟು? ಕಣ್ಣಿನ ಪಾಪೆ ಗುಂಡಗಿನ ಗಟ್ಟಿ ಉಂಡೆಯೆಂದು ಹಿಂದಿನ ಇಂಗ್ಲಿಷರು ತಿಳಿದಿದ್ದರು; ಅದಕ್ಕೇ ಆ ಹೆಸರು. 9ನೆಯ ಶತಮಾನದ ಆಲ್ಫ್ರೆಡ್ ದೊರೆಯ ಕಾಲದ ಬರಹದಲ್ಲೇ ಅದಿದೆ. 1611ರ ಇಂಗ್ಲಿಷ್ ಬೈಬಲ್ಲಿನಲ್ಲೂ ಸೇಬೇ ಇದೆ. ಆದರೆ ಅದರ ಹೀಬ್ರೂ ಮೂಲದಲ್ಲಿ ಸೇಬಿಲ್ಲ. ಅಲ್ಲಿನ ಪದಕ್ಕೆ ‘ಕಣ್ಣಿನ ಪುಟ್ಟ ಮನುಷ್ಯ’ ಎಂದು ಅರ್ಥ ಹೇಳುತ್ತಾರೆ. ಲ್ಯಾಟಿನ್ನಿನ ‘ಪ್ಯುಪಿಲ್ಲ’ ಎಂದರೆ ಪುಟ್ಟ ಹುಡುಗಿ, ಗೊಂಬೆ. ನಮ್ಮ ‘ಪಾಪೆ’ಯೂ ಗೊಂಬೆಯೇ! ಮಗುವಿಗೆ ಕಾಡಿಗೆ ಹಚ್ಚುವಾಗ ಅದರ ಕಣ್ಣಲ್ಲಿ ನಮ್ಮದೇ ಪುಟ್ಟ ಬಿಂಬ ಕಾಣುತ್ತದಲ್ಲ, ಅದೇ ಆ ಗೊಂಬೆ. ಇಂಗ್ಲಿಷಿನ ಒಂದಕ್ಷರವೂ ಬಾರದ ನನ್ನಮ್ಮ, “ನಿಮ್ಮನ್ನೆಲ್ಲ ಕಣ್ಣಪಾಪೆಯ ಹಾಗೆ ಸಾಕಿದ್ದೀನಿ” ಎನ್ನುತ್ತಿದ್ದಾಗ ಆಡುತ್ತಿದ್ದುದು ಇದೇ ಮಾತನ್ನು.