ಹೊಡದಾಂವ ಹುಡುಕಬೇಕು

ನಮ್ಮ ಮನಿಗೆ ನಾಯಿ ಬಂದು ಈ ಶ್ರಾವಣಕ್ಕ ಎರಡು ವರ್ಷ ಆತು. ಹೆಸರು ಗುಂಡ್ಯಾ, ಜಾತಿ ಲ್ಯಾಬ್ರಡಾರ್, ಬಣ್ಣ ಥೇಟ್ ಸಜ್ಜಕದ್ದು. ತಂದಾಂವ ನನ್ನ ಮಗ, ಸಾಕಾಕಿ ನನ್ನ ಹೆಂಡ್ತಿ, ಇಬ್ಬರ ಕಡಿಂದನೂ ಬೈಸಿಕೊಳ್ಳಾಂವ ನಾನು. ನಮ್ಮವ್ವ ಅಂತೂ ಮೊದಲನೇ ದಿನಾನ ಹೇಳಿಬಿಟ್ಟಿದ್ಲು: "ಅದು ದೇವರ ಮನಿ ಹೊಸ್ತಿಲಾ ದಾಟ್ತಂದ್ರ ಒಂದ ಅದು ಇರಬೇಕು, ಇಲ್ಲಾ ನಾ ಇರಬೇಕು."

ಗುಂಡ್ಯಾಗ ಒಂದ ಒಂದು ಚಟ. ಏನರೆ ಬಿದ್ದಿದ್ದು ಕಂಡ್ರ ಬಾಯಾಗ ಹಿಡಕೊಂಡು ತಂದು ನಮ್ಮ ಕಾಲಾಗ ಇಡತೈತಿ. ನನ್ನ ಚಪ್ಪಲಿ, ಮಗನ ಸಾಕ್ಸು, ಬಾಜೂ ಮನಿ ಹಗ್ಗದ ಮ್ಯಾಲಿಂದ ಜಾರಿದ ಟಾವೆಲ್ಲು, ಒಮ್ಮೆ ಹಿತ್ತಲದಾಗ ಉರುಳಿ ಬಿದ್ದಿದ್ದ ತೆಂಗಿನಕಾಯಿ. ಹರಿಯೂದಿಲ್ಲ, ಕಡಿಯೂದಿಲ್ಲ, ಬರೇ ತರತೈತಿ. "ಇದಕ್ಕ ಯಾರ ಕಲಿಸ್ಯಾರ ಇದನ್ನ?" ಅಂತ ಇಕಿ ಕೇಳಿದಾಗ ನನ್ನ ಹತ್ರ ಉತ್ತರ ಇರಲಿಲ್ಲ.

ಎರಡನೇ ಶ್ರಾವಣ ಸೋಮವಾರ ಸಂಜಿಮುಂದ ಅವ್ವ ಪೂಜಾ ಮುಗಿಸಿ ಕಟ್ಟಿ ಮ್ಯಾಲೆ ಕೂತಿದ್ಲು. ಹಿತ್ತಲ ಕಡಿಂದ ಗುಂಡ್ಯಾ ಬಂದ. ಬಾಯಾಗ ಒಂದು ಪಾರಿವಾಳ. ಸೀದಾ ಬಂದು ಅವ್ವನ ಕಾಲಾಗ ಇಟ್ಟು, ಬಾಲಾ ಅಳ್ಳಾಡಿಸಿಕೋತ ನಿಂತ.

ಅವ್ವ ಒದರಿದ್ದು ಓಣಿ ತುದಿ ತನಕಾ ಕೇಳಿತ್ತು. "ಶ್ರಾವಣ ಸೋಮವಾರ ದಿವಸ ಮನ್ಯಾಗ ಜೀವಾ ತಗೀತಲ್ಲೋ ಇದು! ನಾಳೆ ಬೆಳಗಾಗೂದ್ರಾಗ ಇದನ್ನ ಹೊಲಕ್ಕ ಕಳಸು. ಇಲ್ಲಾಂದ್ರ ನಾ ನಿಮ್ಮಕ್ಕನ ಮನಿಗೆ ಹೊಂಟೆ." ಮಗಾ ಅಳಲಿಕ್ಕೆ ಶುರು ಮಾಡಿದ. ನಾ ಪಾರಿವಾಳ ಎತ್ತಿಕೊಂಡೆ. ಜೀವಾ ಇತ್ತು, ಕೈಯಾಗ ಅದರ ಎದಿ ಪಟಪಟ ಬಡಕೊಳ್ಳಾಕತ್ತಿತ್ತು. ಒಂದು ರೆಕ್ಕಿ ಮಾತ್ರ ಜೋತು ಬಿದ್ದಿತ್ತು.

ಗದ್ದಲಾ ಕೇಳಿ ಹಿಂದಿನ ಮನಿ ಕಾಕಾ ಬಂದ್ರು. ಎಂಬತ್ತು ದಾಟ್ಯಾವ ಅವರಿಗೆ. ಮಾತಾಡದ ಹಕ್ಕಿ ಇಸಗೊಂಡು ಎದಿ ಮ್ಯಾಲಿನ ಪುಚ್ಚ ಉಫ್ ಅಂತ ಊದಿ ಸರಿಸಿದ್ರು. ಆಮ್ಯಾಲೆ ಹೆಬ್ಬಟ್ಟು, ತೋರಬೆರಳು ಎರಡೂ ಕಡೆ ಇಟ್ಟು ಪಕ್ಕೆಲುಬು ಮುಟ್ಟಿ ನೋಡಿದ್ರು. "ತಮ್ಮಾ, ಇದನ್ನ ನಿನ್ನ ನಾಯಿ ಕಚ್ಚಿಲ್ಲ. ಎಲಬು ಎಲ್ಲಾ ಗಟ್ಟಿ ಅದಾವು. ರೆಕ್ಕಿ ನೋಡು, ಇದು ಮಾಂಜಾ ದಾರ ಕೊಯ್ದಿದ್ದು." ಖರೇನ, ಆಷಾಢದಾಗ ಓಣಿ ಹುಡುಗೂರು ಹಾರಿಸಿದ್ದ ಗಾಳಿಪಟದ ದಾರ ನಮ್ಮ ಬೇವಿನ ಗಿಡದಾಗ ಇನ್ನೂ ಜೋತಾಡಾಕತ್ತಿತ್ತು. "ಬಿದ್ದಿತ್ತು, ತಂದೈತಿ. ಅದರ ಕೆಲಸಾನ ಅದು" ಅಂದ್ರು ಕಾಕಾ.

"ನಿಮಗ ಹೆಂಗ ಗೊತ್ತು?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ರು.

ವಯಸ್ಸಿನ್ಯಾಗ ಕಾಕಾ ಕೌಜಗದ ಬ್ಯಾಟಿಗೆ ಹೊಕ್ಕಿದ್ರಂತ. ಕೌಜಗ ಅಂದ್ರ ಹಾರೋದಕ್ಕಿಂತ ಓಡೋದು ಜಾಸ್ತಿ ಇರೋ, ಮಣ್ಣಿನ ಬಣ್ಣದ ಹಕ್ಕಿ. ಅವರ ಜೋಡಿ ಒಂದು ಹಳ್ಳಿ ನಾಯಿ. "ಹೊಡಿಯೋದು ಏನ ದೊಡ್ಡದಲ್ಲ ತಮ್ಮಾ, ಹುಡುಕೋದು ದೊಡ್ಡದು" ಅಂದ್ರು. ಹಕ್ಕಿ ಬಿದ್ದ ಜಾಗಾದ ಮ್ಯಾಲಿಂದ ಕಣ್ಣ ತಗೀಬಾರದು. ಅಲ್ಲೇ ಹಿಂದ ಒಂದು ಕಂಟಿನೋ ಕಲ್ಲೋ ಗುರ್ತ ಇಟಗೊಂಡು ಸೀದಾ ನಡೀಬೇಕು. ಬಿದ್ದಿರಬೇಕು ಅನಿಸಿದಲ್ಲೆ ಟಾವೆಲ್ ಹಾಕಿ, ಅದರ ಸುತ್ತ ಸುತ್ತ ದೊಡ್ಡದು ಮಾಡಿಕೋತ ಹುಡುಕಬೇಕು. ನಾಯಿನ್ನ ಗಾಳಿಗೆ ಎದುರಾಗಿ ಬಿಡಬೇಕು, ಅಂದ್ರ ವಾಸನಿ ಅದರ ಮೂಗಿಗೆ ತಾನ ಬರತೈತಿ. ನಾವು ಮೊದಲ ಹೋಗಿ ಜಾಗಾ ತುಳದಾಡಿದ್ರ ನಾಯಿಗೆ ನಮ್ಮ ಕಾಲಿನ ವಾಸನಿನ ಸಿಗತೈತಿ. ಸತ್ತ ಹಕ್ಕಿ ಬಿದ್ದಲ್ಲೆ ಇರತೈತಿ. ರೆಕ್ಕಿಗೆ ಅಷ್ಟ ಪೆಟ್ಟಾಗಿದ್ದು ಕಾಲ ಇರೂ ತನಕಾ ಓಡತೈತಿ, ಓಡಿ ಕಂಟ್ಯಾಗ ಹೊಕ್ಕೊಂಡು ಕೂಡತೈತಿ.

"ಒಂದಿನ ಒಂದು ಬಿದ್ದಿತ್ತು. ಅಷ್ಟರಾಗ ಇನ್ನೊಂದು ಎದ್ದಿತು. ನಾ ಎರಡನೇದಕ್ಕ ಕಣ್ಣ ಹಾಕಿದೆ. ಮೊದಲನೇದು ಸಿಗಲಿಲ್ಲ. ಕತ್ತಲಾತು, ಮನಿಗೆ ಬಂದೆ. ಮೂರನೇ ದಿನ ಕುರಿ ಕಾಯೋ ಹುಡುಗ ಅದನ್ನ ತಂದು ತೋರಿಸಿದ. ಇನ್ನೂ ಉಸಿರಿತ್ತು ತಮ್ಮಾ." ಅವತ್ತು ಬಂದೂಕು ಅಟ್ಟಾ ಸೇರಿತಂತ. ಮುಂದ 1972ರಾಗ ವನ್ಯಜೀವಿ ಕಾಯಿದೆ ಬಂತು, 1991ರ ತಿದ್ದುಪಡಿ ಬಂದ ಮ್ಯಾಲೆ ಲೈಸನ್ಸಿನ ಬ್ಯಾಟಿನೂ ನಿಂತಿತು. "ಹೊಡದಾಂವ ಹುಡುಕಬೇಕು. ಹುಡುಕಲಿಕ್ಕೆ ಆಗದಾಂವ ಹೊಡೀಬಾರದು" ಅಂದು ಕಾಕಾ ಎದ್ದು ಹೋದ್ರು.

ಅವತ್ತ ರಾತ್ರಿ ನನಗ ನಿದ್ದಿ ಬರಲಿಲ್ಲ. ಮುಂಜಾನೆ ಅವ್ವಗ ಏನರೆ ಹೇಳಬೇಕಾಗಿತ್ತಲಾ, ಈ ನಾಯಿ ಜಾತಿ ಇತಿಹಾಸ ಓದಿಕೋತ ಕೂತೆ.

ಬ್ಯಾಟಿ ನಾಯಿ ಅಂದ ಕೂಡಲೆ ನಮ್ಮ ಕಡೆ ನೆನಪಾಗೋದು ಮುಧೋಳ ನಾಯಿ: ಕಣ್ಣಿಂದ ನೋಡಿ, ಓಡಿ, ಹಿಡಿಯೋದು. ಇನ್ನ ನಮ್ಮ ಶಾಸನದಾಗಿನ ದೊಡ್ಡ ನಾಯಿ ಅಂದ್ರ ಆತಕೂರಿನ ಕಾಳಿ. ತಕ್ಕೋಲಂ ಯುದ್ಧದಾಗ ಪರಾಕ್ರಮ ತೋರಿಸಿದ ಮಣಲೇರಗ ಗಂಗರ ಬೂತುಗ ಏನ ಬೇಕೋ ಕೇಳು ಅಂದಾಗ, ಅಂವ ಕೇಳಿದ್ದು ಈ ಕಾಳಿನ್ನ. ಅದು ಕಾಡುಹಂದಿ ಜೋಡಿ ಕಾದಾಡಿತು, ಎರಡೂ ಸತ್ತವು. ಕ್ರಿ.ಶ. 949-50ರ ಆ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನ್ಯಾಗ ಐತಿ. ಇವೆಲ್ಲಾ ಹಲ್ಲಿನ ಜೋರಿನ ಮ್ಯಾಲೆ ಹೆಸರ ಮಾಡಿದ ನಾಯಿಗೋಳು. ಗುಂಡ್ಯಾನ ವಂಶದ್ದು ತಿರುವುಮುರುವು: ಹಲ್ಲು ಊರಬಾರದು, ಅದಕ್ಕ ಅದು ಶಾಣ್ಯಾ.

ಈ ಕೆಲಸದ ಹಳೇ ಲೆಕ್ಕ ಇಂಗ್ಲೆಂಡಿನ್ಯಾಗ ಸಿಗತೈತಿ. ಜಾನ್ ಕೀಸ್ ಅನ್ನೋ ವೈದ್ಯ 1570ರಾಗ ನಾಯಿಗಳ ಮ್ಯಾಲೆ ಲ್ಯಾಟಿನ್ ಭಾಷೆಯಲ್ಲಿ ಒಂದು ಪುಸ್ತಕ ಬರದ. ಅದರಾಗ ನೀರಿಗಿಳಿಯೋ ಒಂದು ನಾಯಿ ಬರತೈತಿ. ಅದು ಬಿದ್ದ ಹಕ್ಕಿ ಅಷ್ಟ ಅಲ್ಲ, ಗುರಿ ತಪ್ಪಿ ನೀರಾಗ ಬಿದ್ದ ಬಾಣಾನೂ ಹುಡುಕಿ ತರತಿತ್ತು. ಅದ ಪುಸ್ತಕದಾಗ ಸೆಟರ್ ಅನ್ನೋ ಇನ್ನೊಂದು ನಾಯಿ ಐತಿ. ಹಕ್ಕಿ ವಾಸನಿ ಬಂದ ಕೂಡಲೆ ಅದು ನೆಲಕ್ಕ ಕುಕ್ಕರಿಸಿ ಕೂಡತಿತ್ತು. ಮಂದಿ ಬಂದು ಬಲಿ ಎಳದು ಹಕ್ಕಿ ಹಿಡೀತಿದ್ರು. ಬಲ್ಯಾಗ ಬಿದ್ದ ಹಕ್ಕಿನ್ನ ಯಾರೂ ಹುಡುಕಬೇಕಾಗಿರಲಿಲ್ಲ.

ಹುಡುಕೋ ತ್ರಾಸ ಶುರುವಾಗಿದ್ದು ಹಾರೋ ಹಕ್ಕಿಗೆ ಬಂದೂಕು ಹಿಡದ ಮ್ಯಾಲೆ. ಮೊದಲಿಗೆ ಚಕಮಕಿ ಕಲ್ಲಿನ ಬಂದೂಕು. ಕುದರಿ ಎಳದ ಕೂಡಲೆ ಮ್ಯಾಲೆ ಭಗ್ ಅಂತ ಬೆಂಕಿ ಹೊತ್ತಿ, ಆಮ್ಯಾಲೆ ಒಳಗಿನ ಮದ್ದು ಸಿಡೀತಿತ್ತು. ಆ ಬೆಳಕು ನೋಡಿ ಹಕ್ಕಿ ತಪ್ಪಿಸಿಕೊತಾವು ಅಂತ ಬೇಸತ್ತ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫಾರ್ಸೈತ್, ಬಡದ್ರ ಸಿಡಿಯೋ ಮದ್ದಿನ ಯುಕ್ತಿ ಕಂಡುಹಿಡದು 1807ರಾಗ ಪೇಟೆಂಟ್ ತಗೊಂಡ. ನಮ್ಮ ಹಳ್ಳ್ಯಾಗ ಕೇಪಿನ ಬಂದೂಕು ಅಂತಾರಲ್ಲ, ಅದರ ಮೂಲ ಅದು.

ಆದ್ರೂ ಮದ್ದು, ಚರೆ ಎಲ್ಲಾ ನಳಿಗಿ ಬಾಯಿಂದನ ತುಂಬಬೇಕಾಗಿತ್ತು. ಒಮ್ಮೆ ಹೊಡದ ಮ್ಯಾಲೆ ಮತ್ತ ತುಂಬೂ ತನಕಾ ನಾಯಿ ಇದ್ದಲ್ಲೆ ಮಲಗಬೇಕು. ಹಕ್ಕಿ ತರಲಿಕ್ಕೆ ಅದು ಓಡಿದ್ರ ಹುಲ್ಲಿನ್ಯಾಗ ಇನ್ನೂ ಅಡಗಿದ್ದ ಹಕ್ಕಿ, ಬಂದೂಕು ಖಾಲಿ ಇದ್ದಾಗ ಎದ್ದು ಹಾರಿಬಿಡತಾವು. ಅಷ್ಟರಾಗ ರೆಕ್ಕಿ ಮುರಿದ ಹಕ್ಕಿ ಎಷ್ಟ ದೂರ ಓಡಿರಬೇಕು, ನೀವ ಲೆಕ್ಕಾ ಹಾಕ್ರಿ.

1851ರ ಲಂಡನ್ನಿನ ದೊಡ್ಡ ಪ್ರದರ್ಶನದಾಗ ಫ್ರಾನ್ಸಿನ ಲೆಫೋಶೋನ ಬಂದೂಕು ಬಂತು. ನಡುವ ಮಡಚೋದು, ತೋಟಾ ಇಡೋದು, ಹೊಡಿಯೋದು. ಇಂಗ್ಲೆಂಡಿನ ಕಮ್ಮಾರರು ಅದನ್ನ ನೋಡಿ ತಮ್ಮದೂ ಮಾಡಿದ್ರು. ಅಲ್ಲಿಂದ ಬ್ಯಾಟಿ ಪದ್ಧತಿನ ಬದಲಾತು. ಸಾಹೇಬರು ಸಾಲಾಗಿ ನಿಲ್ಲೋದು, ಆಳುಗಳು ಆ ಕಡಿಂದ ಹಕ್ಕಿ ಎಬ್ಬಿಸಿ ಇವರ ತಲಿ ಮ್ಯಾಲೆ ಹಾರಿಸೋದು. ಹಕ್ಕಿ ಬೀಳೋದು ಒಂದಲ್ಲ ಎರಡಲ್ಲ, ನಾಲ್ಕೂ ದಿಕ್ಕಿಗೆ, ಕಂಟ್ಯಾಗ, ಹಳ್ಳದಾಗ. ಹಕ್ಕಿ ತೋರಿಸೋ ನಾಯಿಯ ಕೆಲಸ ಅಲ್ಲಿ ಉಳಿಲಿಲ್ಲ. ಬೇಕಾಗಿದ್ದು ಹೊಸಾ ನಾಯಿ: ಗುಂಡಿನ ಸಪ್ಪಳಕ್ಕ ಅಲಗದ ಕೂತು, ಯಾವ್ಯಾವುದು ಎಲ್ಲೆಲ್ಲೆ ಬಿತ್ತು ಅನ್ನೋದು ನೆನಪಿಟ್ಟು, ಹೇಳಿದಾಗ ಮಾತ್ರ ಹೋಗಿ ತರೋದು. ಅದಕ್ಕ ರಿಟ್ರೀವರ್ ಅಂದ್ರು, ತರುವ ನಾಯಿ.

ಗುಂಡ್ಯಾನ ಹಿರೇರು ಬಂದಿದ್ದು ಕೆನಡಾದ ಪೂರ್ವಕ್ಕಿರೋ ನ್ಯೂಫೌಂಡ್‌ಲ್ಯಾಂಡ್ ದ್ವೀಪದಿಂದ. ಅಲ್ಲಿ ಅವು ಮೀನಗಾರರ ನಾಯಿಗೋಳು; ಥಂಡಿ ಸಮುದ್ರಕ್ಕ ಹಾರಿ ಬಲಿ, ಹಗ್ಗ, ಜಾರಿದ ಮೀನು ತರತಿದ್ವು. ಮೀನಿನ ಹಡಗಿನ ಜೋಡಿ ಇಂಗ್ಲೆಂಡಿನ ಪೂಲ್ ಬಂದರಿಗೆ ಬಂದ್ವು. ಮಾಮ್ಸ್‌ಬರಿಯ ಅರ್ಲ್, ಬಕ್ಲೂನ ಡ್ಯೂಕ್ ಅನ್ನೋ ಶ್ರೀಮಂತರ ಮನೆತನದಾಗ ತಳಿ ಉಳೀತು. 1903ರಾಗ ಅಲ್ಲಿನ ಕೆನಲ್ ಕ್ಲಬ್ಬು ಲ್ಯಾಬ್ರಡಾರ್‌ಗೆ ಮಾನ್ಯತೆ ಕೊಡ್ತು. ಇವರ ಬಂಗಾರ ಬಣ್ಣದ ದಾಯಾದಿ ಗೋಲ್ಡನ್ ರಿಟ್ರೀವರ್ ಹುಟ್ಟಿದ್ದು ಸ್ಕಾಟ್ಲೆಂಡಿನ ಗೀಷಕನ್ ಎಸ್ಟೇಟಿನ್ಯಾಗ. ಮುಂದ ಲಾರ್ಡ್ ಟ್ವೀಡ್‌ಮೌತ್ ಅನಿಸಿಕೊಂಡಾಂವ 1868ರಾಗ ನೂಸ್ ಅನ್ನೋ ಹಳದಿ ನಾಯಿಗೂ ಬೆಲ್ ಅನ್ನೋ ಸ್ಪಾನಿಯಲ್‌ಗೂ ಮರಿ ಹಾಕಿಸಿದ. ಭಾಳ ದಿವಸ ಮಂದಿ ಅವು ರಷ್ಯಾದ ಸರ್ಕಸ್ ನಾಯಿಗೋಳು ಅಂತ ಕಥಿ ಕಟ್ಟಿದ್ರು. 1952ರಾಗ ಅವನ ಲೆಕ್ಕದ ಪುಸ್ತಕ ಹೊರಗ ಬಂದ ಮ್ಯಾಲೆ ಆ ಕಥಿ ಮುಗೀತು.

ಇದನ್ನೆಲ್ಲಾ ಕರುಣಾ ಅಂತ ನಾ ಹೇಳೂದಿಲ್ಲ. ಮೆತ್ತಗ ಹಿಡೀಬೇಕು ಅನ್ನೋ ನಿಯಮ ಹುಟ್ಟಿದ್ದು ಅಡಿಗಿ ಮನಿ ಸಂಬಂಧ. ಪಕ್ಕೆಲುಬು ಪುಡಿಯಾದ ಹಕ್ಕಿ ಊಟಕ್ಕ ಬರೂದಿಲ್ಲ. ಇವತ್ತಿಗೂ ರಿಟ್ರೀವರ್ ಪಂದ್ಯದಾಗ ನಾಯಿ ತಂದ ಹಕ್ಕಿಯ ಪಕ್ಕೆಲುಬು ಮುಟ್ಟಿ ನೋಡತಾರ, ಥೇಟ್ ಕಾಕಾ ನೋಡಿದಂಗ. ಎಲಬು ಮುರದಿದ್ರ ನಾಯಿ ಪಂದ್ಯದಿಂದ ಹೊರಗ. ಹಲ್ಲು ಊರೋ ನಾಯಿನ್ನ ಬಿಟ್ಟು, ಊರದ ನಾಯಿದ್ದ ಮರಿ ಮಾಡಿಸಿಕೋತ ಬಂದ್ರು. ಹೊಡಿಯೋ ಮನಷ್ಯಾನ ಕೈ ಎಷ್ಟ ಜೋರ ಆತೋ, ತರೋ ನಾಯಿ ಬಾಯಿ ಅಷ್ಟ ಮೆತ್ತಗಾತು. ನಾವು ಕೆಡವಿದ್ದರ ಲೆಕ್ಕಾ ಇಡೋ ಕೆಲಸ ನಾಯಿಗೆ ಒಪ್ಪಿಸಿ ಬಿಟ್ವಿ.

ಮುಂಜಾನೆ ಅವ್ವಗ ಇಷ್ಟೂ ಹೇಳಿದೆ. ಪೂರ್ತಿ ಕೇಳಿ, "ಕಥಿ ಛಲೋ ಐತಿ. ಶ್ರಾವಣ ಮುಗೀಲಿ, ನೋಡೂಣು" ಅಂದ್ಲು. ಪಾರಿವಾಳ ಬುಟ್ಟ್ಯಾಗ ಇತ್ತು. ಡಾಕ್ಟರ್‌ಗೆ ತೋರಿಸಿದ್ವಿ, ಮಗಾ ನೀರು, ನುಚ್ಚು ಇಟ್ಟ. ಬುಧವಾರ ರಾತ್ರಿ ಅದು ಸತ್ತುಹೋತು. ಗುರುವಾರ ಮುಂಜಾನೆ ಕರಿಬೇವಿನ ಗಿಡದ ಬುಡಕ್ಕ ಮಗಾ ಮಣ್ಣು ಮಾಡಿದ. ಅವ್ವ ದೂರದಿಂದನ ನೋಡಿದ್ಲು, ಒಂದು ಚೂರು ವಿಭೂತಿ ಕೊಟ್ಟು ಕಳಿಸಿದ್ಲು.

ಮಧ್ಯಾಹ್ನ ಎಲ್ಲಾರೂ ಅಡ್ಡ ಆಗಿದ್ವಿ. ಅವ್ವ ಕಟ್ಟಿ ಮ್ಯಾಲೆ ಬತ್ತಿ ಹೊಸಕೋತ ಕೂತಿದ್ಲು. ಗುಂಡ್ಯಾ ಬಂದ. ಮೂಗಿನ ತುಂಬ ಮಣ್ಣು, ಬಾಯಾಗ ಅದ ಪಾರಿವಾಳ. ಈ ಸಲ ಕೆಳಗ ಇಡಲಿಲ್ಲ. ಅವ್ವನ ಮುಂದ ಕೂತು ಮುಖಾ ಮ್ಯಾಲೆತ್ತಿ ಹಿಡದ.

ನಾ ಕಿಡಕ್ಯಾಗಿಂದ ನೋಡಾಕತ್ತಿದ್ದೆ. ಈಗ ಒದರತಾಳ ಅನಕೊಂಡೆ. ಅವ್ವ ಬತ್ತಿ ಬಾಜೂಕ ಇಟ್ಟು, ಸೆರಗಿಗೆ ಕೈ ಒರಸಿಕೊಂಡು, ಬೊಗಸಿ ಒಡ್ಡಿದ್ಲು.

"ಹೂಂ, ಕೊಡಪಾ" ಅಂದ್ಲು.

ಗುಂಡ್ಯಾ ಬಾಯಿ ಬಿಟ್ಟ. ಆಮ್ಯಾಲೆ ಅಕಿನ ಹಿತ್ತಲಕ್ಕ ಹೋಗಿ, ಮೊಮ್ಮಗನ ಕಡಿಂದ ಕುಣಿ ಇನ್ನಷ್ಟು ಆಳ ತಗಸಿ, ಮ್ಯಾಲೆ ಒಂದು ಪರಸಿ ಕಲ್ಲು ಇಡಸಿದ್ಲು. ಬೇವಿನ ಗಿಡದಾಗಿನ ಮಾಂಜಾ ದಾರ ತಗೀಲಿಕ್ಕೆ ನಿಚ್ಚಣಿಕಿ ತರಸಿದ್ದೂ ಅಕಿನ. ಹತ್ತಿದಾಂವ ನಾನು. ಬೆರಳು ಕೊಯ್ಕೊಂಡು ಇಳದೆ.