ನಕ್ಷತ್ರದ ಹೊದಿಕೆಯೂ ಒಂದು ಕೊಕ್ಕೆಯ ಕಥೆಯೂ

ಕ್ರೋಶಾ ಅಂದ ಕೂಡಲೇ ನಮ್ಮಲ್ಲಿ ಹಲವರಿಗೆ ನೆನಪಾಗೋದು ಟೀವಿ ಮೇಲೆ ಹಾಸಿದ ಬಿಳಿ ಬಟ್ಟೆ, ಬಾಗಿಲ ತೋರಣ. ಈಗ ಎಳೆಮಕ್ಕಳಿಗೆಂದು ನಕ್ಷತ್ರದಾಕಾರದ ಹೊದಿಕೆ ಹೆಣೆಯುವವರೂ ಇದ್ದಾರೆ. ಐದು ತುದಿ, ಬಣ್ಣಬಣ್ಣದ ಪಟ್ಟಿ, ನಡುನಡುವೆ ಕೈಗೆ ಉಬ್ಬುಬ್ಬಾಗಿ ಸಿಗುವ ಸಾಲುಗಳು. ನೋಡೋಕೆ ಮುದ್ದಾಗಿರುತ್ತೆ. ಆದರೆ ಇದನ್ನ 'ಟೈಂಪಾಸ್' ಅನ್ನೋ ಮುಂಚೆ ಇದರ ಕಥೆ ಸ್ವಲ್ಪ ಕೇಳಿ.

ಮೊದಲು ನಕ್ಷತ್ರದ ಲೆಕ್ಕ. ನಡುವಿನ ಪುಟ್ಟ ಉಂಗುರದಿಂದ ಹೆಣಿಗೆ ಶುರು. ಪ್ರತಿ ಸುತ್ತಿನಲ್ಲೂ ಐದು ತುದಿಗಳಲ್ಲಿ ಕುಣಿಕೆ ಹೆಚ್ಚಿಸಬೇಕು, ಅವುಗಳ ನಡುವಿನ ಐದು ತಗ್ಗುಗಳಲ್ಲಿ ಕಡಿಮೆ ಮಾಡಬೇಕು. ಹೆಚ್ಚಿಸಿದ್ದು ಕಳೆದದ್ದಕ್ಕಿಂತ ಒಂದಿಷ್ಟು ಜಾಸ್ತಿ ಇದ್ದರೆ ನಕ್ಷತ್ರ ಬೆಳೆಯುತ್ತೆ. ತೀರಾ ಜಾಸ್ತಿಯಾದರೆ ಅಂಚು ನಿರಿಗೆ ಕಟ್ಟುತ್ತೆ, ಕಡಿಮೆಯಾದರೆ ಬಟ್ಟಲಿನ ಹಾಗೆ ಮೇಲೇಳುತ್ತೆ. ಒಂದೇ ಜಾಗದಲ್ಲಿ ನಾಲ್ಕೈದು ಕುಣಿಕೆ ಹಾಕಿ ಒಟ್ಟು ಬಿಗಿದರೆ ಉಬ್ಬು ಸಾಲು ಸಿದ್ಧ!

ಕ್ರೋಶೆ ಅನ್ನೋದು ಫ್ರೆಂಚ್ ಪದ, ಪುಟ್ಟ ಕೊಕ್ಕೆ ಅಂತ ಅರ್ಥ. ಇದರ ಮಾದರಿಗಳು 1823ರಲ್ಲೇ ಹಾಲೆಂಡಿನ 'ಪೆನೆಲೊಪೆ' ಪತ್ರಿಕೆಯಲ್ಲಿ ಅಚ್ಚಾಗಿದ್ದವು. ಆಗ ಅದು ಅನುಕೂಲಸ್ಥ ಮನೆಯ ಹೆಂಗಸರ ಹವ್ಯಾಸ. ಅದನ್ನ ಹೊಟ್ಟೆಪಾಡಿನ ಕೆಲಸ ಮಾಡಿದ್ದು ಐರ್ಲೆಂಡಿನ ಬರ.

1845ರಲ್ಲಿ ಅಲ್ಲಿನ ಆಲೂಗಡ್ಡೆ ಬೆಳೆಗೆ ಕೊಳೆರೋಗ ಬಂತು. 1852ರ ಹೊತ್ತಿಗೆ ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ಆ ಕಷ್ಟಕಾಲದಲ್ಲಿ ಕ್ರೈಸ್ತ ಸನ್ಯಾಸಿನಿಯರು, ಪಾದ್ರಿಗಳ ಹೆಂಡತಿಯರು ಬಡ ಹೆಂಗಸರಿಗೆ ಕ್ರೋಶಾ ಕಲಿಸಿದರು. ಕ್ಲೋನಿಸ್ ಊರಿನಲ್ಲಿ 1847ರಲ್ಲಿ ಇದನ್ನ ಶುರು ಮಾಡಿದವರು ಅಲ್ಲಿನ ಪಾದ್ರಿಯ ಹೆಂಡತಿ ಕಸಾಂಡ್ರಾ ಹ್ಯಾಂಡ್. ಕ್ರೋಶಾನೇ ಯಾಕೆ ಅಂತೀರಾ? ಹಳೇ ಲೇಸಿಗೆ ದಿಂಬು, ಹತ್ತಾರು ದಾರದ ಕಡ್ಡಿ ಬೇಕು. ಇದಕ್ಕೆ ಒಂದು ಕೊಕ್ಕೆ, ಒಂದು ದಾರದುಂಡೆ ಸಾಕು. ಕೆಲಸವೂ ಬೇಗ ಸಾಗುತ್ತೆ. ಒಬ್ಬಳು ಗುಲಾಬಿ, ಇನ್ನೊಬ್ಬಳು ಎಲೆ ಹೆಣೆದರೆ, ಮತ್ತೊಬ್ಬಳು ಎಲ್ಲ ಜೋಡಿಸುವಳು. ದಳದ ಮೇಲೆ ದಳ ಕೂರಿಸಿದ ಉಬ್ಬು ಹೂಗಳೇ ಅದರ ಹೆಗ್ಗುರುತು. ಹಸಿದವರು ಹೆಣೆದದ್ದನ್ನ ತೊಟ್ಟವರು ಸಿರಿವಂತರು.

ನಮ್ಮ ಪಕ್ಕದ ಆಂಧ್ರದ್ದೂ ಇಂಥದ್ದೇ ಕಥೆ. ಗೋದಾವರಿ ತೀರದ ನರಸಾಪುರದ ಹೆಂಗಸರಿಗೆ 19ನೇ ಶತಮಾನದಲ್ಲಿ ಮಿಷನರಿಗಳು ಲೇಸಿನ ಕೆಲಸ ಕಲಿಸಿದರು, ಅದು ರಫ್ತು ವ್ಯಾಪಾರವಾಗಿ ಬೆಳೆಯಿತು. ಮರಿಯಾ ಮೀಸ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞೆ ಅವರ ಬಗ್ಗೆ 1982ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಹೆಣೆಯುವವರು ಹೆಂಗಸರು, ಲಾಭ ವ್ಯಾಪಾರಿಗಳದ್ದು. ಹೆಣೆಯುವವರು ಲೆಕ್ಕಕ್ಕೆ 'ಗೃಹಿಣಿ'ಯರು, ಮಾಡೋದು 'ಬಿಡುವಿನ ಕೆಲಸ'. ಕೂಲಿ ಕಡಿಮೆ ಕೊಡೋಕೆ ಆ ಒಂದು ಮಾತೇ ಸಾಕಾಯ್ತು, ನೋಡಿ.

ಇನ್ನೊಂದು ವಿಷಯ. ಸ್ವೆಟರ್ ಹೆಣೆಯೋಕೆ ಯಂತ್ರ ಇದೆ. ಆದರೆ ನಿಜವಾದ ಕ್ರೋಶಾ ಇವತ್ತಿಗೂ ಕೈಯಲ್ಲೇ ಆಗಬೇಕು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಕ್ರೋಶಾ ಕುಪ್ಪಸವನ್ನೂ ಎಲ್ಲೋ ಯಾರೋ ಕೂತು ಹೆಣೆದಿರುತ್ತಾರೆ. ಅವರಿಗೆಷ್ಟು ಸಿಕ್ಕಿರಬಹುದು, ಯೋಚಿಸಿ.

ನಿಮ್ಮ ಮನೆಯ ಹಳೇ ಟ್ರಂಕಿನಲ್ಲೂ ಅಜ್ಜಿಯೋ ದೊಡ್ಡಮ್ಮನೋ ಹೆಣೆದ ಒಂದು ಕ್ರೋಶಾ ಬಟ್ಟೆ ಇದ್ದೀತು. ಎಷ್ಟು ದಿನ ಕೂತು ಹೆಣೆದರು ಅಂತ ಯಾರಾದರೂ ಕೇಳಿದ್ದೀರಾ?