ಸರಕಾರಿ ಕಾಮಗಾರಿಗಳಲ್ಲಿ ಕೂಲಿಯ ಪ್ರಶ್ನೆ: ಕಲಬುರಗಿ ಸೀಮೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಕೂಲಿಯ ಕನಿಷ್ಠ ಮಟ್ಟವನ್ನು ಗೊತ್ತುಪಡಿಸುವುದು ಸರಕಾರ. ರಸ್ತೆ, ಕೆರೆ, ಕಾಲುವೆಗಳ ಕೆಲಸಕ್ಕೆ ಆಳುಗಳನ್ನು ಹಚ್ಚುವುದೂ ಸರಕಾರವೇ. ಈ ಎರಡು ಪಾತ್ರಗಳು ಒಂದೇ ಕೈಯಲ್ಲಿ ಸೇರಿದಾಗ, ತಾನು ವಿಧಿಸಿದ ದರವನ್ನು ಸರಕಾರವು ತಾನೇ ಪಾಲಿಸುವುದೆ ಎಂಬ ಪ್ರಶ್ನೆ ಏಳುತ್ತದೆ. ಬ್ರಿಟನ್ನಿನ ಕಾಮನ್ಸ್ ಸಭೆಯು 1891ರಲ್ಲಿ ನ್ಯಾಯವಾದ ಕೂಲಿಯ ನಿರ್ಣಯವನ್ನು ಅಂಗೀಕರಿಸಿದುದೂ, ಅಮೇರಿಕವು 1931ರ ಡೇವಿಸ್-ಬೇಕನ್ ಕಾಯಿದೆಯಿಂದ ಸರಕಾರಿ ಕಟ್ಟಡದ ಕೆಲಸಗಳಲ್ಲಿ ಆಯಾ ಸ್ಥಳದ ರೂಢಿಯ ಕೂಲಿಯನ್ನು ಕಡ್ಡಾಯಗೊಳಿಸಿದುದೂ ಈ ಪ್ರಶ್ನೆಗೆ ಕಂಡುಕೊಂಡ ಉತ್ತರಗಳೇ ಆಗಿವೆ. ನಮ್ಮಲ್ಲಿ ಅದರ ಚರಿತ್ರೆ ಬೇರೆ ಹಾದಿ ಹಿಡಿಯಿತು. ಮಳೆಯನ್ನೇ ನೆಚ್ಚಿದ ಎರೆಭೂಮಿಯ ಈ ಸೀಮೆಯಲ್ಲಿ ಸರಕಾರಿ ಕೂಲಿ ಎಂಬುದು ಬಹುಮಟ್ಟಿಗೆ ಬರಗಾಲದೊಡನೆ ಹುಟ್ಟಿದ್ದು. ಆದುದರಿಂದ ಅದಕ್ಕೆ ಮೊದಲಿನಿಂದಲೂ ಉಪಕಾರದ ಬಣ್ಣ ಅಂಟಿಕೊಂಡಿತು. ಆ ಬಣ್ಣವು ಹೇಗೆ ಕರಗುತ್ತ ಬಂದಿತು, ಎಲ್ಲಿ ಇನ್ನೂ ಉಳಿದಿತು ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

1876ರಿಂದ 1878ರವರೆಗಿನ ಮಹಾಕ್ಷಾಮವು ಮದರಾಸು ಪ್ರಾಂತದ ಬಳ್ಳಾರಿ, ಮುಂಬಯಿ ಪ್ರಾಂತದ ಕಲಾದಗಿ ಹಾಗೂ ಧಾರವಾಡ, ಮೈಸೂರು ಸಂಸ್ಥಾನ, ನಿಜಾಮರ ಸೀಮೆಯ ಕನ್ನಡ ಜಿಲ್ಲೆಗಳು ಎಲ್ಲವನ್ನೂ ಬಾಧಿಸಿತು. ಕ್ಷಾಮ ಪರಿಹಾರದ ವೆಚ್ಚವನ್ನು ತಗ್ಗಿಸಲೆಂದು ಭಾರತ ಸರಕಾರ ಕಳುಹಿಸಿದ ಸರ್ ರಿಚರ್ಡ್ ಟೆಂಪಲ್, 1877ರ ಆರಂಭದಲ್ಲಿ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ ಮತ್ತು ಅದರ ಮೇಲೆ ಕೆಲವು ಕಾಸು ಎಂಬ ಮಟ್ಟಕ್ಕೆ ಇಳಿಸಿದನು. ಮದರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಇಷ್ಟು ಆಹಾರದಿಂದ ದುಡಿಯುವ ದೇಹ ಉಳಿಯಲಾರದೆಂದು ವಾದಿಸಿದನು. ಮುಂಬಯಿ ಪ್ರಾಂತದಲ್ಲಿ ಸಹಸ್ರಾರು ಕೂಲಿಕಾರರು ಕಾಮಗಾರಿಗಳನ್ನೇ ಬಿಟ್ಟು ಹೊರಟರು. ಅದೇ ವರ್ಷ ಮದರಾಸು ಸರಕಾರ ಕೂಲಿಯನ್ನು ಏರಿಸಬೇಕಾಯಿತು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಟೆಂಪಲನು ಎತ್ತಿದ ಪ್ರಶ್ನೆ, ಮನುಷ್ಯನೊಬ್ಬ ಬದುಕಿರಲು ಎಷ್ಟು ಸಾಕು ಎಂಬುದಾಗಿದ್ದಿತು. ಅವನು ಅಗೆದ ಮಣ್ಣಿಗೆ ಎಷ್ಟು ಸಲ್ಲಬೇಕು ಎಂಬ ಪ್ರಶ್ನೆ ಅಂದಿನ ಕಡತಗಳಲ್ಲಿ ಹಿಂದೆಯೇ ಉಳಿಯಿತು.

ನಿಜಾಮರ ಆಡಳಿತದಲ್ಲಿದ್ದ ಕಲಬುರಗಿ ಸೀಮೆಗೆ ಇನ್ನೊಂದು ಹಿನ್ನೆಲೆಯೂ ಇದ್ದಿತು. ಹೈದರಾಬಾದು ಸಂಸ್ಥಾನದ ಹಳ್ಳಿಗಳಲ್ಲಿ ಅಧಿಕಾರಿಗಳಿಗೂ ಜಾಗೀರುದಾರರಿಗೂ ಬಿಟ್ಟಿ ಚಾಕರಿ ಸಲ್ಲಿಸುವ ಪದ್ಧತಿ ರೂಢಿಯಲ್ಲಿತ್ತು. ಸಾಲಕ್ಕಾಗಿ ಒಡೆಯನ ಹೊಲದಲ್ಲಿ ದುಡಿಯುತ್ತಿದ್ದ ಭಾಗೇಲರ ಕರಾರುಗಳನ್ನು ನಿಯಂತ್ರಿಸಲು ಸಂಸ್ಥಾನವು 1936ರಲ್ಲಿ ಒಂದು ನಿಬಂಧನೆಯನ್ನು ಹೊರಡಿಸಿತು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. ಅದೇ ವರ್ಷ ಕೇಂದ್ರದಲ್ಲಿ ಕನಿಷ್ಠ ವೇತನ ಕಾಯಿದೆ ಜಾರಿಗೆ ಬಂದಿದ್ದಿತು. ವ್ಯವಸಾಯವೂ, ರಸ್ತೆ ಮತ್ತು ಕಟ್ಟಡಗಳ ಕೆಲಸವೂ ಅದರ ಅನುಸೂಚಿಯಲ್ಲಿ ಸೇರಿದ್ದವು. 1950ರ ಸಂವಿಧಾನದ 23ನೆಯ ಅನುಚ್ಛೇದವು ಬಿಟ್ಟಿಯನ್ನೂ ಬಲಾತ್ಕಾರದ ದುಡಿಮೆಯನ್ನೂ ನಿಷೇಧಿಸಿತು. ಕಾಗದದ ಮೇಲೆ ಬಿಟ್ಟಿಯ ಯುಗ ಮುಗಿದಿತ್ತು. ಆದರೆ ಕೂಲಿ ಕೊಟ್ಟೂ ಕಡಿಮೆ ಕೊಟ್ಟರೆ ಅದನ್ನು ಏನೆಂದು ಕರೆಯಬೇಕು?

ಇದಕ್ಕೆ ಉತ್ತರ ದೊರೆತದ್ದು ಮೂರು ದಶಕಗಳ ಅನಂತರ. ದಿಲ್ಲಿಯ ಏಷ್ಯನ್ ಕ್ರೀಡೆಗಳ ಕಟ್ಟಡಗಳಲ್ಲಿ ದಿನಕ್ಕೆ 9 ರೂಪಾಯಿ 25 ಪೈಸೆ ಸಲ್ಲಬೇಕಾಗಿದ್ದ ಕೂಲಿಯಲ್ಲಿ ಜಮಾದಾರರು ತಲೆಗೆ ಒಂದು ರೂಪಾಯಿ ಮುರಿದುಕೊಳ್ಳುತ್ತಿದ್ದರು. 1982ರಲ್ಲಿ ಈ ಸಂಗತಿಯನ್ನು ವಿಚಾರಿಸಿದ ಸುಪ್ರೀಂ ಕೋರ್ಟು, ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಸುವುದು ಬಲಾತ್ಕಾರದ ದುಡಿಮೆಯೇ ಎಂದು ತೀರ್ಪಿತ್ತಿತು; ಹಸಿವು ಒತ್ತಿದಾಗ ಒಪ್ಪಿದ ಒಪ್ಪಿಗೆ ಒಪ್ಪಿಗೆಯಲ್ಲವೆಂಬುದು ನ್ಯಾಯಮೂರ್ತಿ ಪಿ. ಎನ್. ಭಗವತಿಯವರ ತರ್ಕದ ಸಾರ. ಮರುವರ್ಷ, ರಾಜಸ್ಥಾನದ ಅಜಮೇರ ಜಿಲ್ಲೆಯ ಬರಪರಿಹಾರ ರಸ್ತೆಯೊಂದರ ಮೊಕದ್ದಮೆಯಲ್ಲಿ ಪ್ರಶ್ನೆ ಇನ್ನೂ ನೇರವಾಗಿ ಎದುರಾಯಿತು. ಬರಗಾಲದ ಕೆಲಸಗಳಿಗೆ ಕಾರ್ಮಿಕ ಕಾಯಿದೆಗಳು ಅನ್ವಯಿಸವೆಂದು ಆ ರಾಜ್ಯವು 1964ರಲ್ಲಿ ಮಾಡಿಕೊಂಡಿದ್ದ ಶಾಸನವನ್ನು, ಕನಿಷ್ಠ ವೇತನವನ್ನು ತಪ್ಪಿಸುವಷ್ಟರ ಮಟ್ಟಿಗೆ, ಕೋರ್ಟು ಅಸಿಂಧುಗೊಳಿಸಿತು. ಕೆಲಸವು ಪರಿಹಾರಕ್ಕಾಗಿ ಕೊಟ್ಟದ್ದಾದರೂ ಅದರ ಕೂಲಿ ದಾನವಲ್ಲವೆಂಬುದು ಇದರಿಂದ ಸ್ಥಿರವಾಯಿತು. ಟೆಂಪಲನ ವಾದಕ್ಕೆ ನೂರಕ್ಕೂ ಹೆಚ್ಚು ವರ್ಷಗಳ ತರುವಾಯ ಸಿಕ್ಕಿದ ಪ್ರತ್ಯುತ್ತರವಿದು.

2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯು 2006ರ ಫೆಬ್ರುವರಿಯಲ್ಲಿ ಮೊದಲ ಹಂತವಾಗಿ ದೇಶದ 200 ಜಿಲ್ಲೆಗಳಲ್ಲಿ ಆರಂಭವಾದಾಗ, ಅಂದು ಯಾದಗಿರಿಯನ್ನೂ ಒಳಗೊಂಡಿದ್ದ ಗುಲ್ಬರ್ಗಾ ಜಿಲ್ಲೆಯೂ ಅವುಗಳಲ್ಲಿ ಸೇರಿತ್ತು. ನಂದೂರಿನಂತಹ ಹಳ್ಳಿಗಳ ಕೂಲಿಕಾರರಿಗೆ ಸರಕಾರವೇ ಧಣಿಯಾಯಿತು. ಆದರೆ ಈ ಕಾಯಿದೆಯ 6ನೆಯ ಕಲಮು, 1948ರ ಕಾಯಿದೆ ಏನೇ ಹೇಳಿದ್ದರೂ ಕೇಂದ್ರ ಸರಕಾರ ಬೇರೆ ದರವನ್ನು ಗೊತ್ತುಪಡಿಸಬಹುದೆಂದಿತು. 2009ರ ಜನವರಿ 1ರಿಂದ ಕೇಂದ್ರವು ಈ ಅಧಿಕಾರವನ್ನು ಬಳಸಿತು. 2011ರಲ್ಲಿ ಕರ್ನಾಟಕಕ್ಕೆ ಗೊತ್ತಾಗಿದ್ದ ದರ 125 ರೂಪಾಯಿ. ವ್ಯವಸಾಯದ ಕೂಲಿಕಾರರಿಗೆ ರಾಜ್ಯವು ನಿಗದಿಮಾಡಿದ್ದ ಕನಿಷ್ಠ ವೇತನ ಅದಕ್ಕಿಂತ ಹೆಚ್ಚಾಗಿದ್ದಿತು. ಅಂದರೆ ಖಾಸಗಿ ಜಮೀನುದಾರನಿಗೆ ತಪ್ಪೆನಿಸುವ ಕೂಲಿಯನ್ನು ಸರಕಾರ ತಾನು ಕೊಡಬಹುದಾಗಿತ್ತು. ಕರ್ನಾಟಕ ಉಚ್ಚ ನ್ಯಾಯಾಲಯವು 2011ರ ಸೆಪ್ಟೆಂಬರಿನಲ್ಲಿ ಕನಿಷ್ಠ ವೇತನವನ್ನೇ ಕೊಡತಕ್ಕದ್ದೆಂದು ತೀರ್ಪು ಕೊಟ್ಟಿತು. ಅದಕ್ಕೆ ತಡೆಯಾಜ್ಞೆ ನೀಡಲು ಸುಪ್ರೀಂ ಕೋರ್ಟು 2012ರ ಜನವರಿಯಲ್ಲಿ ಒಪ್ಪಲಿಲ್ಲ.

ದರದ ವಾದ ಇಷ್ಟಕ್ಕೆ ತೀರಿದರೂ ಕೂಲಿಯ ವಾದ ತೀರುವುದಿಲ್ಲ. ಮಣ್ಣಿನ ಕೆಲಸದಲ್ಲಿ ಕೂಲಿಯು ದಿನದ ಲೆಕ್ಕದಲ್ಲಿ ಘೋಷಿತವಾಗಿ ಘನ ಮೀಟರಿನ ಲೆಕ್ಕದಲ್ಲಿ ಪಾವತಿಯಾಗುತ್ತದೆ. ಹಾಜರಿ ಪಟ್ಟಿಯಲ್ಲಿ ಆರು ದಿನ ಬಿದ್ದರೂ, ಅಭಿಯಂತರನ ಅಳತೆ ಪುಸ್ತಕದಲ್ಲಿ ನಾಲ್ಕು ದಿನದ ಗುಂಡಿ ಬಿದ್ದರೆ ಕೈಗೆ ಬರುವುದು ನಾಲ್ಕು ದಿನದ ಹಣ. ಬೇಸಗೆಯಲ್ಲಿ ಕಲ್ಲಿನಂತೆ ಗಟ್ಟಿಯಾಗುವ ಎರೆಮಣ್ಣು, ಅದರ ಕೆಳಗಿನ ಗರಸು, ಬುಟ್ಟಿ ಹೊತ್ತು ನಡೆದ ದೂರ, ಏರಿದ ಎತ್ತರ ಇವುಗಳಿಗೆ ದರಪಟ್ಟಿಯಲ್ಲಿ ಬೇರೆ ಬೇರೆ ದರಗಳಿರುತ್ತವೆ. ಬರೆಯುವವನು ಮೆದುಮಣ್ಣೆಂದು ಬರೆದರೆ ಆ ಶ್ರಮವೆಲ್ಲ ಲೆಕ್ಕದಿಂದ ಹೊರಗಾಗುತ್ತದೆ. ಗುಂಪಿನ ಅಳತೆಯಲ್ಲಿ ವೃದ್ಧರೂ ಬಾಣಂತಿಯರೂ ಇದ್ದರೆ ಎಲ್ಲರ ಪಾಲೂ ಕುಗ್ಗುತ್ತದೆ. ಇಲ್ಲಿ ಯಾರೂ ಕಾಯಿದೆಯನ್ನು ಮುರಿದಂತೆ ಕಾಣುವುದಿಲ್ಲ. ಆದರೂ ಕೂಲಿ ಕಡಿಮೆಯಾಗಿರುತ್ತದೆ.

ಗುತ್ತಿಗೆಯ ಕೆಲಸಗಳಲ್ಲಿ ಈ ಅಂತರ ಮತ್ತಷ್ಟು ಮರೆಯಾಗುತ್ತದೆ. ಈ ಜಿಲ್ಲೆಯಿಂದ ಗುಳೆ ಹೋದ ಕುಟುಂಬಗಳು ಬೆಂಗಳೂರು, ಹೈದರಾಬಾದು, ಮುಂಬಯಿಗಳಲ್ಲಿ ರಸ್ತೆ ಮತ್ತು ಕಟ್ಟಡಗಳ ಕೆಲಸಕ್ಕೆ ಸೇರುವುದು ಎಲ್ಲರಿಗೂ ತಿಳಿದ ಸಂಗತಿ. ಸರಕಾರ ಗುತ್ತೇದಾರನಿಗೆ, ಗುತ್ತೇದಾರ ಮೇಸ್ತ್ರಿಗೆ, ಮೇಸ್ತ್ರಿ ಆಳಿಗೆ ಕೊಡುವ ಸರಪಳಿಯಲ್ಲಿ ಪ್ರತಿ ಕೊಂಡಿಯೂ ಏನನ್ನಾದರೂ ಹಿಡಿದುಕೊಳ್ಳಬಹುದು. ಆದುದರಿಂದಲೇ 1970ರ ಗುತ್ತಿಗೆ ಕಾರ್ಮಿಕರ ಕಾಯಿದೆಯು, ಗುತ್ತೇದಾರ ಕೊಡದಿದ್ದ ಅಥವಾ ಕಡಿಮೆ ಕೊಟ್ಟ ಕೂಲಿಯನ್ನು ಮೂಲ ಧಣಿಯೇ ತುಂಬಿಕೊಟ್ಟು ಗುತ್ತೇದಾರನಿಂದ ವಸೂಲು ಮಾಡತಕ್ಕದ್ದೆಂದು ವಿಧಿಸಿತು. ಮೂಲ ಧಣಿ ಸರಕಾರವಾಗಿದ್ದಾಗ ಆ ಹೊಣೆಯೂ ಅದರದೇ.

ಮೇಲಣ ಚರಿತ್ರೆಯಿಂದ ಹೊರಡುವ ತಾತ್ಪರ್ಯ ಇಷ್ಟು: ಕೂಲಿಯನ್ನು ಸಾಲವೆಂದು ಬಗೆದ ಕಡೆ ಸರಕಾರ ಲೆಕ್ಕ ಕೊಟ್ಟಿದೆ, ಉಪಕಾರವೆಂದು ಬಗೆದ ಕಡೆ ಲೆಕ್ಕ ಕೇಳಿದವರನ್ನೇ ಕೃತಘ್ನರೆಂದು ಕಂಡಿದೆ. ತೀರ್ಪುಗಳು ಗ್ರಂಥಾಲಯದಲ್ಲಿ ಉಳಿಯುತ್ತವೆ. ಹಾಜರಿ ಪಟ್ಟಿಗಳೂ ಅಳತೆ ಪುಸ್ತಕಗಳೂ ಪಂಚಾಯತಿಯ ಕಪಾಟಿನಲ್ಲಿ ಗೆದ್ದಲಿಗೆ ಗುರಿಯಾಗುತ್ತವೆ. ಶಾಸನಗಳನ್ನೂ ಕೈಫಿಯತ್ತುಗಳನ್ನೂ ಓದಲು ಕಲಿತ ನಮ್ಮ ವಿದ್ಯಾರ್ಥಿಗಳು ಈ ಎರಡು ಬಗೆಯ ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವುದನ್ನೂ ಕಲಿಯಬೇಕು. ಒಂದರಲ್ಲಿ ದುಡಿದ ದಿನಗಳಿವೆ, ಇನ್ನೊಂದರಲ್ಲಿ ಪಾವತಿಗೆ ಆಧಾರವಾದ ಮಣ್ಣಿದೆ. ಇವೆರಡರ ನಡುವಿನ ವ್ಯತ್ಯಾಸವೇ ಈ ಸೀಮೆಯ ಶ್ರಮಿಕರಿಗೆ ಬರಬೇಕಾದ ಬಾಕಿ.